ಗೆರೆಯಿಲ್ಲದ ಕನ್ನಡಕ

ಆ ತಿಂಗಳು ಅವನು ಕನ್ನಡಕದಂಗಡಿಗೆ ಬಂದದ್ದು ಇದು ನಾಲ್ಕನೇ ಸಲ. ಒಮ್ಮೆ ಸ್ಕ್ರೂ ಸಡಿಲ, ಒಮ್ಮೆ ಮೂಗಿನ ಮೇಲೆ ಒತ್ತುತ್ತದೆ, ಇನ್ನೊಮ್ಮೆ ಏನೂ ಇಲ್ಲ, ಹೀಗೇ ಈ ಕಡೆ ಬಂದಿದ್ದೆ ಅಂದ. ಅಷ್ಟು ದೊಡ್ಡ ಕಂಟ್ರಾಕ್ಟರಿಗೆ ಸ್ಕ್ರೂ ತಿರುಗಿಸಲು ಬೇರೆ ಯಾರೂ ಸಿಗಲಿಲ್ಲವೇನೇ ಎಂದು ಅಂಗಡಿಯವಳ ಅಕ್ಕ ಫೋನಿನಲ್ಲಿ ಕಿಚಾಯಿಸಿದಳು. ಸುಮ್ಮನಿರೇ ಅಕ್ಕಾ ಎಂದು ಗದರಿದ ಅಂಗಡಿಯವಳು ಮರುದಿನದಿಂದಲೇ ಕಾಡಿಗೆ ಹಚ್ಚತೊಡಗಿದಳು. ಮನಸ್ಸಿನಲ್ಲಿ ಮಂಡಿಗೆ ತಿನ್ನುವುದಕ್ಕೆ ಮೂವತ್ತೆಂಟಾದರೇನು, ಹದಿನೆಂಟಾದರೇನು?

ಹನ್ನೆರಡು ವರ್ಷದ ಹಿಂದೆ ಇದೇ ಅಂಗಡಿಗೆ ವೈರಿಂಗ್ ಮಾಡಲು ಬಂದಿದ್ದ ಹುಡುಗ ಅವನು. ಅವಳು ಅವನನ್ನು ‘ಕರೆಂಟು’ ಎಂದೇ ರೇಗಿಸುತ್ತಿದ್ದಳು. ಏಣಿಯ ಮೇಲೆ ನಿಂತು ಬಲ್ಬು ಹಾಕುತ್ತ ಅವನು ಅವಳನ್ನೇ ನೋಡುತ್ತಿದ್ದ. ನೋಡಿಸಿಕೊಳ್ಳುವುದು ಅವಳಿಗೂ ಹಿತವಾಗಿತ್ತು. ಆದರೆ ಅವನು ಬಾಯಿಬಿಟ್ಟು ಕೇಳಿದ ದಿನ, ನೆಟ್ಟಗೆ ಒಂದು ಕೆಲಸವಿಲ್ಲದವನನ್ನು ನಂಬಿಕೊಂಡು ಹೇಗೆ ಬರಲಿ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಆಮೇಲೆ ಅಪ್ಪ ಹಾಸಿಗೆ ಹಿಡಿದರು, ಅಂಗಡಿ ಅವಳ ಕೊರಳಿಗೆ ಬಿತ್ತು, ಇಷ್ಟಪಟ್ಟು ಬಂದವರೆಲ್ಲ ಬಂದ ಹಾಗೇ ಹೋದರು.

ಈ ದಿನ ಅವನು ಎದುರಿನ ಸ್ಟೂಲಿನ ಮೇಲೆ ಕೂತು, ಒಂದು ವಿಷಯ ಕೇಳಬೇಕಿತ್ತು ಅಂದ. ಅವಳು ಬೇಗಬೇಗನೆ ಸೆರಗು ಸರಿಮಾಡಿಕೊಂಡಳು.

ಹತ್ತಿರದ ಅಕ್ಷರ ಮಸುಕಾಗುತ್ತಿದೆಯಂತೆ. ಚಾಳೀಸು ಬಂದಿದೆ, ಆದರೆ ದೂರ-ಹತ್ತಿರ ಬೇರೆ ಮಾಡುವ ಗೆರೆ ಗಾಜಿನಲ್ಲಿ ಕಂಡರೆ ನಲವತ್ತು ದಾಟಿದ್ದು ಗೊತ್ತಾಗಿಬಿಡುತ್ತದೆ. ಗೆರೆಯಿಲ್ಲದ ಲೆನ್ಸ್ ಬೇಕು. ಮದುವೆಗೆ ಒಬ್ಬ ಹುಡುಗಿ ಒಪ್ಪಿದ್ದಾಳೆ, ಇನ್ನೂ ಇಪ್ಪತ್ತಾರು.

ಅವಳು ಆರ್ಡರ್ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಆದರೂ ಸ್ಕೇಲು ಎತ್ತಿಕೊಂಡಳು. ಕಣ್ಣಿನ ಅಳತೆ ತೆಗೆಯಬೇಕಾದರೆ ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕು. ಅವನ ಉಸಿರು ಕೆನ್ನೆಗೆ ತಾಗುತ್ತಿತ್ತು. ಕಣ್ಣಂಚಿನಲ್ಲಿ ಸಣ್ಣ ಸುಕ್ಕುಗಳಿದ್ದವು. ಹಾಳಾದ್ದು, ಅವೂ ಅವಳಿಗೆ ಇಷ್ಟವಾದವು.

"ನನ್ನನ್ನ ಕೇಳಬಹುದಿತ್ತಲ್ಲ," ಎಂದಳು ನಾಚಿಕೆ ಬಿಟ್ಟು.

"ಕೇಳಿದ್ನಲ್ಲ, ಆಗ."

"ಈಗ?"

ಅವನು ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ. "ಆಗ ನೀವು ನನ್ನ ಕೆಲಸ ನೋಡಿದ್ರಿ. ಈಗ ನಾನು ವಯಸ್ಸು ನೋಡ್ತಿದೀನಿ. ಅಲ್ಲಿಗಲ್ಲಿಗೆ ಸರಿಹೋಯ್ತು ಬಿಡಿ."

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ಅವಳಿಗೆ. ಮಾತು ನಿಜವಾದ್ದರಿಂದಲೇ ಇನ್ನಷ್ಟು ಉರಿಯಿತು. ಆ ಹುಡುಗಿ ನಿಮ್ಮಲ್ಲಿ ಏನು ನೋಡಿ ಒಪ್ಪಿದಳಂತೆ ಎಂದು ಕೇಳಿದಳು. ಅವನು ಹೆಮ್ಮೆಯಿಂದಲೇ ಶುರುಮಾಡಿದ: ಸ್ವಂತ ಮನೆ, ಕೈತುಂಬ ಕೆಲಸ, ಕಾರು. ಕಾರಿನ ಹತ್ತಿರ ಬಂದು ಮಾತು ನಿಂತಿತು.

"ಹಾಗಾದ್ರೆ ಅವಳೂ ನಾನೇ ಕಣ್ರೀ. ಆವತ್ತಿನ ನಾನು."

"ಗೊತ್ತು," ಅಂದ ಮೆಲ್ಲಗೆ. "ನನಗೆ ಬೇಕಾಗಿದ್ದದ್ದೂ ಆವತ್ತಿನ ನೀವೇ. ನಾಲ್ಕು ಸಲ ಬಂದು ಹುಡುಕಿದೆ. ಸಿಗಲಿಲ್ಲ."

ಅವಳು ಅತ್ತಳು, ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಕಾಡಿಗೆ ಕೆನ್ನೆಗಿಳಿಯಿತು. ಅವನು ಕರ್ಚೀಫು ತೆಗೆದ. ಕೊಡಲು ಧೈರ್ಯ ಸಾಲದೆ ಹಿಡಿದುಕೊಂಡೇ ಕೂತ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಅಳತೆ ತೆಗೆದು, ಗೆರೆಯಿಲ್ಲದ ಲೆನ್ಸಿಗೇ ಆರ್ಡರ್ ಹಾಕಿದಳು.

ಬಾಗಿಲಿನವರೆಗೆ ಹೋದವನು ತಿರುಗಿ, ಆ ಹುಡುಗಿಗೆ ನನ್ನ ವಯಸ್ಸು ಗೊತ್ತಾಗಲ್ಲ ತಾನೇ ಎಂದು ಕೇಳಿದ.

"ಗೊತ್ತಾಗಲ್ಲ, ಹೋಗಿ. ಆ ವಯಸ್ಸಲ್ಲಿ ನಾನೂ ನಿಮ್ಮ ಕಣ್ಣು ನೋಡಿರಲಿಲ್ಲ."