ಹತ್ತನೇ ನಂಬರಿನಲ್ಲಿ ಇಬ್ಬರು

"ಏಳೇ ಕಡ್ಡಿ, ಆ ಕಡೆ ಕೂತ್ಕೊ," ಅಂದಳು ಅಮ್ಮ. ಅವಳ ಎರಡು ಕೈಯಲ್ಲೂ ಪೇಪರ್ ಬಂಡಲ್ ಇತ್ತು.

ಕಡ್ಡಿ ಎದ್ದಳು. ಹಳೇ ಲ್ಯಾಪ್‌ಟಾಪು, ನೋಟ್‌ಬುಕ್ಕು, ಪೆನ್ಸಿಲ್ ಡಬ್ಬಿ ಎಲ್ಲ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಕೂತಳು. ಸ್ಕೂಲಿಂದ ಬಂದ ಮೇಲೆ ಇದು ಮೂರನೇ ಸಲ.

ಅಮ್ಮನದು ಜೆರಾಕ್ಸ್ ಅಂಗಡಿ. ಅಂಗಡಿಯ ಹಿಂದಿನ ಒಂದೇ ರೂಮು ಅವರ ಮನೆ. ಅಲ್ಲಿ ಮೊದಲು ಬಂಡಲ್‌ಗೆ ಜಾಗ, ಆಮೇಲೆ ಮನುಷ್ಯರಿಗೆ.

"ಈ ಮನೇಲಿ ನನಗೆ ಅಂತ ಒಂದು ಜಾಗ ಇಲ್ಲ," ಅಂದಳು ಕಡ್ಡಿ.

"ಇಡೀ ಮನೆ ನಿಂದೇ ಅಂದ್ಕೊ," ಅಂದರು ತಾತ. ಅವರು ಟೇಬಲ್ ಲ್ಯಾಂಪು ಹಿಡಿದುಕೊಂಡು, ಅದರ ಉದ್ದದ ವೈರಿನ ಗಂಟು ಬಿಡಿಸುತ್ತಾ ಅವಳ ಹಿಂದೆಯೇ ಬಂದಿದ್ದರು.

"ಅಂದ್ಕೊಂಡ್ರೆ ಆಯ್ತಾ?"

ತಾತನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಲ್ಯಾಪ್‌ಟಾಪಿನ ವಿಷಯದಲ್ಲಾದರೂ ಹೀಗಾಗಬಾರದು ಅಂತ ಅವಳು ಮೂರು ದಿನದ ಹಿಂದೆ ಒಂದು ಕೆಲಸ ಮಾಡಿದ್ದಳು. ನೆಟ್‌ಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ನಂಬರ್ ಇರುತ್ತೆ, ಅದೇ ಅದರ ಅಡ್ರೆಸ್ಸು ಅಂತ ಸ್ಕೂಲಲ್ಲಿ ಕಂಪ್ಯೂಟರ್ ಮಿಸ್ ಹೇಳಿದ್ದರು. ಮನೆಗೆ ಬಂದು ನೋಡಿದರೆ ತನ್ನ ಲ್ಯಾಪ್‌ಟಾಪಿನ ನಂಬರಿನ ಕೊನೆಯಲ್ಲಿ ನಾಲ್ಕು ಇತ್ತು. ವಾರ ಬಿಟ್ಟು ನೋಡಿದರೆ ಏಳು. ಪಾಪ, ಇದನ್ನೂ ಎಬ್ಬಿಸಿ ಎಬ್ಬಿಸಿ ಕೂರಿಸ್ತಾರೆ ಅನ್ನಿಸಿತು. ವಿಡಿಯೋ ಒಂದನ್ನು ನೋಡಿಕೊಂಡು, ಸೆಟ್ಟಿಂಗ್ಸ್‌ಗೆ ಹೋಗಿ, 'ಆಟೊಮ್ಯಾಟಿಕ್' ಅನ್ನೋದನ್ನು ತೆಗೆದು, ಕೊನೆಯಲ್ಲಿ ಹತ್ತು ಅಂತ ತಾನೇ ಟೈಪ್ ಮಾಡಿದಳು. ಹತ್ತು ಅವಳ ರೋಲ್ ನಂಬರು. ಇನ್ನು ಅದನ್ನು ಯಾರೂ ಏಳಿಸೋ ಹಾಗಿಲ್ಲ.

ಅಂಗಡಿಯಲ್ಲಿ ಗಲಾಟೆ ಶುರುವಾಯಿತು. ಮಾರನೇ ದಿನ ಕಾಲೇಜಿನವರಿಗೆ ಪರೀಕ್ಷೆ. ಹಾಲ್ ಟಿಕೆಟ್ ಪ್ರಿಂಟ್ ತೆಗೆಸೋಕೆ ಎಂಟು ಹತ್ತು ಜನ ನಿಂತಿದ್ದರು. ಪ್ರಿಂಟರ್ ಒಂದು ಹಾಳೆ ಕೊಟ್ಟು ಸುಮ್ಮನಾಗಿತ್ತು.

"ಆಂಟಿ, ಬಸ್ ಹೋಗಿಬಿಡುತ್ತೆ."

"ನನಗೂ ಗೊತ್ತಪ್ಪ, ಇದಕ್ಕೆ ಹೇಳು." ಅಮ್ಮ ಪ್ರಿಂಟರಿನ ನೆತ್ತಿಗೆ ಎರಡು ಏಟು ಕೊಟ್ಟಳು. "ಮೂರು ದಿನದಿಂದ ಇದೇ ಗೋಳು. ಬೆಳಗ್ಗೆ ಗುಂಡುಕಲ್ಲಿನ ಹಾಗಿರುತ್ತೆ. ನಾಲ್ಕು ಗಂಟೆ ಮೇಲೆ ಕೈ ಕೊಡುತ್ತೆ."

"ಕಡ್ಡಿ ಸ್ಕೂಲಿಂದ ಬಂದ ತಕ್ಷಣ ಅದಕ್ಕೆ ನಾಚಿಕೆ," ಅಂದರು ತಾತ.

ಎಲ್ಲರೂ ನಕ್ಕರು. ಕಡ್ಡಿ ನಗಲಿಲ್ಲ. ನಾಲ್ಕು ಗಂಟೆಗೆ ಅವಳು ಮಾಡೋ ಮೊದಲ ಕೆಲಸ ಲ್ಯಾಪ್‌ಟಾಪ್ ಆನ್ ಮಾಡೋದು. ಮೂರು ದಿನ.

ಅಷ್ಟರಲ್ಲಿ ರಿಪೇರಿ ಅಕ್ಕನ ಸ್ಕೂಟರ್ ಬಂತು. ಅಂಗಡಿಯ ಮಷಿನ್‌ಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ. ಮಧ್ಯಾಹ್ನವೇ ಅಮ್ಮ ಫೋನ್ ಮಾಡಿದ್ದಳು.

"ತಗೊಂಡು ಹೋಗಿ ಬಿಚ್ಚಿ ನೋಡ್ಬೇಕು. ಹತ್ತು ದಿನ ಆಗುತ್ತೆ," ಅಂದಳು ಅಕ್ಕ.

"ಪರೀಕ್ಷೆ ಮುಗಿಯೋದೇ ಹತ್ತು ದಿನಕ್ಕೆ. ಅಲ್ಲೀವರೆಗೆ ನಾನೇನು ಕೈಯಲ್ಲಿ ಬರೆದು ಕೊಡ್ಲಾ?"

ಅಕ್ಕ ವೈರು ಕೀಳೋಕೆ ಕೈ ಹಾಕಿದಳು. ಅಮ್ಮ ಸ್ಟೂಲಿನ ಮೇಲೆ ಕೂತಳು. ಅಂಗಡಿ ತೆರೆದಿರುವಾಗ ಅಮ್ಮ ಕೂತಿದ್ದನ್ನು ಕಡ್ಡಿ ಯಾವತ್ತೂ ನೋಡಿರಲಿಲ್ಲ.

"ಅಕ್ಕ, ಒಂದ್ ನಿಮಿಷ," ಅಂದಳು ಕಡ್ಡಿ. "ನಾನು ನನ್ನ ಲ್ಯಾಪ್‌ಟಾಪಿನ ನಂಬರ್ ಬದಲಾಯಿಸಿದೀನಿ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ವೋ."

"ಎಷ್ಟು ಹಾಕಿದೀಯ?"

"ಕೊನೇಲಿ ಹತ್ತು."

ಅಕ್ಕನ ಕೈ ನಿಂತಿತು. ಪ್ರಿಂಟರಿನ ಬಟನ್ ಎರಡು ಮೂರು ಸಲ ಒತ್ತಿದಳು. ಅದರ ಪುಟ್ಟ ಸ್ಕ್ರೀನಿನಲ್ಲಿ ಒಂದು ನಂಬರ್ ಮೂಡಿತು. ಕೊನೆಯಲ್ಲಿ ಹತ್ತು.

"ಭೇಷ್. ಇದನ್ನು ತಂದ ದಿನ ಈ ನಂಬರ್ ಕೊಟ್ಟಿದ್ದು ನಾನೇ," ಅಂದಳು ಅಕ್ಕ. "ಒಂದೇ ಅಡ್ರೆಸ್ಸಿಗೆ ಇಬ್ಬರಾದ್ರಿ. ಹಾಲ್ ಟಿಕೆಟ್ಟು ಪ್ರಿಂಟರ್ ಹುಡುಕ್ಕೊಂಡು ಹೊರಟು ನಿನ್ನ ಲ್ಯಾಪ್‌ಟಾಪಿನ ಬಾಗಿಲು ತಟ್ಟುತ್ತೆ. ಅದಕ್ಕೆ ಪ್ರಿಂಟ್ ಮಾಡೋಕೆ ಬರುತ್ತಾ?"

"ಪ್ರಿಂಟರ್‌ಗೆ ಮಾತ್ರ ಸ್ವಂತ ನಂಬರು. ನನ್ನದಕ್ಕೆ ಯಾಕಿಲ್ಲ?"

"ಪ್ರಿಂಟರನ್ನ ಎಲ್ಲರೂ ಹುಡುಕ್ಕೊಂಡು ಬರ್ತಾರೆ ಕಣೆ. ಅದು ಕದಲಬಾರದು, ನಿಮ್ಮಮ್ಮನ ಅಂಗಡಿ ಥರ. ನಿಂದು ಹೋಗಿ ಬಂದು ಮಾಡೋದು." ಅಕ್ಕ ಗೋಡೆಯ ಮೇಲೆ ಹಸಿರು ದೀಪ ಮಿಣುಕುತ್ತಿದ್ದ ರೂಟರ್ ತೋರಿಸಿದಳು. "ನಿಂದು ಬಂದಾಗೆಲ್ಲ ಅದು ಎಲ್ಲಿ ಖಾಲಿ ಇದೆ ಅಂತ ನೋಡಿ ಒಂದು ನಂಬರ್ ಕೊಡುತ್ತೆ. ಅದಕ್ಕೆ ದಿನಾ ಅದೇ ಕೆಲಸ."

ಕಡ್ಡಿ ಮತ್ತೆ 'ಆಟೊಮ್ಯಾಟಿಕ್' ಒತ್ತಿದಳು. ಒಂದೆರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೊನೆಯಲ್ಲಿ ಆರು ಬಂತು. ಅಕ್ಕ ಪ್ರಿಂಟರನ್ನು ಒಂದು ಸಲ ಆಫ್ ಮಾಡಿ ಆನ್ ಮಾಡಿದಳು. ಗರಗರ ಅಂತ ಹಾಲ್ ಟಿಕೆಟ್ಟುಗಳು ಬೀಳತೊಡಗಿದವು.

ಅಮ್ಮ ಎದ್ದು ಬಂದಳು. "ಮೂರು ದಿನ ಅದಕ್ಕೆ ಹೊಡೆದೆನಲ್ಲೇ. ಆ ಏಟೆಲ್ಲ ನಿನಗೆ ಸೇರಬೇಕಿತ್ತು," ಅಂತ ಕಡ್ಡಿಯ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. "ಹೇಳಿದೆಯಲ್ಲ, ಬದುಕಿಕೊಂಡೆ. ಈಗ ಬಾಗಿಲು ಬಿಡು, ಜನ ಓಡಾಡಬೇಕು."

ನಾಲ್ಕನೇ ಸಲ. ಕಡ್ಡಿ ತನ್ನ ಸಾಮಾನು ಎತ್ತಿಕೊಂಡು ಒಳಗೆ ನೋಡಿದಳು. ಬಂಡಲ್‌ಗಳ ಪಕ್ಕ ಒಂದು ಚಾಪೆಯಷ್ಟು ಜಾಗ ಖಾಲಿ ಇತ್ತು. ಅಲ್ಲಿ ಕೂತು ನೋಟ್‌ಬುಕ್ ತೆರೆದಳು.

ಹಾಳೆಯ ಮೇಲೆ ಆಗಲೇ ಬೆಳಕು ಬಿದ್ದಿತ್ತು.

ಅವಳು ತಲೆ ಎತ್ತಿದಳು. ಲ್ಯಾಂಪು ಪಕ್ಕದ ಬಂಡಲ್ ಮೇಲೆ ಕೂತಿತ್ತು. ತಾತ ಮೊಣಕಾಲೂರಿ, ಮತ್ತೆ ಗಂಟಾಗಿದ್ದ ವೈರನ್ನು ಬಿಡಿಸುತ್ತಿದ್ದರು. ಇಷ್ಟು ದಿನದಲ್ಲಿ ತಾನು ಎಲ್ಲಿ ಕೂತರೂ ಕತ್ತಲಲ್ಲಿ ಓದಿದ ನೆನಪು ಅವಳಿಗೆ ಬರಲಿಲ್ಲ. ಆ ಲ್ಯಾಂಪನ್ನು ತಾನು ಒಂದು ಸಲವೂ ಎತ್ತಿಟ್ಟಿರಲಿಲ್ಲ.

"ಏನೇ ನೋಡ್ತೀಯ, ಬರಿ," ಅಂದರು ತಾತ.

ಕಡ್ಡಿ ಪೆನ್ಸಿಲ್ ಕೆಳಗಿಟ್ಟು, ಅವರ ಎದುರು ಕೂತು, ವೈರಿನ ಇನ್ನೊಂದು ತುದಿ ಹಿಡಿದುಕೊಂಡಳು.