ಹೆಣದ ಮುಂದೆ ಆಡಿದ ಮಾತು

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಭಾಗ್ಯನಗರದ ಹೇಮಾ ಠಾಣೆಯ ಮೆಟ್ಟಿಲು ಹತ್ತಿದಳು. ಕೈಯಲ್ಲೊಂದು ಸಣ್ಣ ನೀಲಿ ಚೀಲ. ತಮ್ಮ ಶಾಂತಕುಮಾರ ಹಿಂದಿನ ದಿನ ನಸುಕಿನಲ್ಲಿ ಬೈಕು ಹತ್ತಿ ಹೋದವನು ಮರಳಿ ಬಂದಿಲ್ಲ, ಫೋನು ಬಂದ್ ಆಗಿದೆ ಎಂದಳು.

“ವಯಸ್ಸು?” ಪಿಎಸ್‌ಐ ಪಂಪಾಪತಿ ಕೇಳಿದ.

“ಇಪ್ಪತ್ತೆಂಟ್ರಿ.”

“ಮನ್ಯಾಗ ಏನರ ಜಗಳ?”

“ಅಂಥಾದ್ದೇನಿಲ್ರಿ. ಅವಗ ಸಣ್ಣಾಂವ ಇದ್ದಾಗಿಂದ ಸಕ್ಕರಿ ಬ್ಯಾನಿ ಐತಿ. ದಿನಾ ಎರಡು ಹೊತ್ತು ಇನ್ಸುಲಿನ್ ಸೂಜಿ ಬೇಕು. ಮಧ್ಯಾಹ್ನಕ್ಕ ಬರ್ತೀನಿ ಅಂತ ಇದನ್ನ ಮನ್ಯಾಗ ಬಿಟ್ಟು ಹೋಗ್ಯಾನ್ರಿ.” ನೀಲಿ ಚೀಲವನ್ನು ಮೇಜಿನ ಮೇಲಿಟ್ಟಳು.

ಪಂಪಾಪತಿ ಚೀಲ ಬಿಚ್ಚಿ ನೋಡಿದ. ಅವನ ತಾಯಿಗೂ ಅದೇ ಸೂಜಿ. ಎರಡು ಹೊತ್ತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆತ ದವಾಖಾನೆಯ ಮಂಚದ ಪಕ್ಕ ಕುಳಿತು ಕಂಡಿದ್ದ.

“ಏನ್ ಕೆಲಸ ಮಾಡ್ತಾನ?”

“ದನಿ ಹಿಡೀತಾನ್ರಿ.”

ಕಳ್ಳರನ್ನು ಹಿಡಿದು, ಜೂಜುಕೋರರನ್ನು ಹಿಡಿದು ರೂಢಿಯಿದ್ದ ಠಾಣೆಗೆ ದನಿ ಹಿಡಿಯುವವನ ಸುದ್ದಿ ಹೊಸದು. ಪೇದೆ ಆಂಜನೇಯ ಮೀಸೆಯಡಿ ನಕ್ಕ. ಹೇಮಾ ಬಿಡಿಸಿ ಹೇಳಿದಳು: ಕೆರೆಯ ಹಕ್ಕಿ, ಭಾಗ್ಯನಗರದ ಮಗ್ಗ, ಬಸ್‌ಸ್ಟ್ಯಾಂಡಿನ ಕೂಗು, ರೈಲು, ಎಲ್ಲವನ್ನೂ ಯಂತ್ರದಲ್ಲಿ ತುಂಬಿಕೊಂಡು ಬಂದು, ಕೂಡಿಸಿ, ಹಾಡಿನಂತೆ ಹೊಂದಿಸಿ ಇಂಟರ್‌ನೆಟ್ಟಿಗೆ ಹಾಕುತ್ತಾನೆ. ಈ ವರ್ಷ ಒಂದು ಭಾಳ ಹೆಸರು ಮಾಡಿತು. ತನ್ನ ಫೋನಿನಲ್ಲಿ ಅದನ್ನೇ ಹಚ್ಚಿದಳು.

ಮೊದಲು ಮಗ್ಗದ ಲಟಕು ಪಟಕು. ಅದರ ಮೇಲೆ ಪಾರಿವಾಳಗಳ ಗುಟುರು. ಎರಡೂ ಸಣ್ಣದಾಗುತ್ತ ಬಂದಂತೆ ನಡುವೆ ಒಬ್ಬ ಹೆಂಗಸಿನ ಅಳು ಎದ್ದಿತು. ಸತ್ತವರ ಮುಂದೆ ಕೂತು ಹಾಡ್ಯಾಡಿ ಅಳುವ ಅಳು.

“ಬಂದ್ ಮಾಡವ್ವ,” ಎಂದಳು ಮಹಿಳಾ ಪೇದೆ ಮೆಹಜಬೀನ. “ಸಾವಿಲ್ಲದ ಜಾಗಾದಾಗ ಆ ದನಿ ಕೇಳಬಾರದು.”

ಆಂಜನೇಯನ ನಗು ಮಾಯವಾಗಿತ್ತು. “ಸರ, ಇದು ನನ್ನ ಫೋನಿಗೂ ಬಂದಿತ್ರಿ. ಅಳವಂಡಿ ಸಣ್ಣವ್ವನ ದನಿ ಇದು. ಅಕೀ ತಾಯಿ ತೀರಿದಾಗ ಅತ್ತದ್ದು.”

ಕಾಣೆ ಪ್ರಕರಣದ ಎಫ್‌ಐಆರ್ ದಾಖಲಾಯಿತು. ಫೋನಿನ ಕರೆಗಳ ವಿವರಕ್ಕೆ ಎಸ್ಪಿ ಕಚೇರಿಗೆ ಪತ್ರ ಹೋಯಿತು. ಉತ್ತರ ಬರುವವರೆಗೆ ಪಂಪಾಪತಿ ಕೂತಲ್ಲಿ ಕೂರಲಿಲ್ಲ. ಹನ್ನೊಂದೂಕಾಲಿಗೆ ವಿವರ ಬಂತು: ಕೊನೆಯ ಕರೆ ಸೋಮವಾರ ಸಂಜೆ ಸಣ್ಣವ್ವನ ನಂಬರಿನಿಂದ. ಕೊನೆಯ ಟವರ್ ಅಳವಂಡಿ. ಹೇಮಾ ನೀಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಜೀಪಿನ ಹಿಂದೆ ಕೂತಳು. ಮೆಹಜಬೀನ ಸರಿದು ಜಾಗ ಕೊಟ್ಟಳು.

ಸಣ್ಣವ್ವ ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಐವತ್ತರ ಆಸುಪಾಸು, ಗಟ್ಟಿ ಮೈ.

“ಶಾಂತಕುಮಾರಗ ಯಾಕ ಫೋನ್ ಮಾಡಿದ್ದಿ?”

“ಮತ್ತೊಂದು ಹಾಡು ಕೊಡ್ತೀನಿ ಬಾ ಅಂದಿದ್ದೆ. ಬರಲೇ ಇಲ್ಲ.”

“ನಿನ್ನಿ ಎಲ್ಲಿದ್ದಿ?”

“ಇಲ್ಲೇ.” ಮೊರ ಒಂದು ಕ್ಷಣವೂ ನಿಲ್ಲಲಿಲ್ಲ.

ಸುಳ್ಳು ಎಂದು ಪಂಪಾಪತಿಗೆ ಅನಿಸಿತು. ಬರೀ ಅನಿಸಿತೆಂದು ಮನೆ ಶೋಧಿಸಲು ಬರುವುದಿಲ್ಲ. ಅಷ್ಟರಲ್ಲಿ ಊರ ಸುತ್ತ ಹುಡುಕಲು ಹೋಗಿದ್ದ ಆಂಜನೇಯನ ಫೋನು ಬಂತು. ಊರಾಚೆ ಹಳ್ಳದ ದಂಡೆಯ ಹುಣಸೆಮರದ ಕೆಳಗೆ ಬೈಕು ಸಿಕ್ಕಿತ್ತು. ಮೆಹಜಬೀನಳನ್ನು ಸಣ್ಣವ್ವನ ಬಳಿ ಬಿಟ್ಟು ಪಂಪಾಪತಿ ಹೇಮಾಳ ಜೊತೆ ಜೀಪಿನಲ್ಲಿ ಹಳ್ಳಕ್ಕೆ ಧಾವಿಸಿದ.

ಬೈಕಿನ ಸುತ್ತ ಜಗ್ಗಾಡಿದ ಗುರುತಿರಲಿಲ್ಲ. ಅದರ ಚೀಲದಲ್ಲಿ ಬಂದ್ ಮಾಡಿಟ್ಟ ಅವನ ಫೋನು ಇತ್ತು. ಮೇಲೆ ನೋಡಿದ್ದು ಹೇಮಾ. ಕೊಂಬೆಗೆ ಬೆಕ್ಕಿನ ಮರಿಯಷ್ಟು ದೊಡ್ಡದಾದ, ತುಪ್ಪಳದ ಗವಸಿನ ಯಂತ್ರವೊಂದನ್ನು ಕಟ್ಟಲಾಗಿತ್ತು.

“ತನ್ನ ಉಸಿರು ಅದರಾಗ ಬರಬಾರದು ಅಂತ ಕಟ್ಟಿ ದೂರ ಹೋಗಿಬಿಡ್ತಾನ್ರಿ. ಬಂದ್ ಮಾಡೂತನಕ ಅದು ತಾನ ಓಡ್ತಿರತೈತಿ,” ಎಂದಳು.

ಇಬ್ಬರು ಪಂಚರ ಸಮಕ್ಷಮ ಯಂತ್ರವನ್ನು ಇಳಿಸಿ, ಪಂಚನಾಮೆ ಬರೆದು, ಹೊಸ ಬ್ಯಾಟರಿ ಹಾಕಿ, ಜೀಪಿನ ಬಾನೆಟ್ಟಿನ ಮೇಲಿಟ್ಟು ಕೇಳಿದರು. “ಅಳವಂಡಿ, ಹುಣಸಿಮರ, ಮಂಗಳವಾರ ಮುಂಜಾನೆ,” ಎಂದಿತು ಶಾಂತಕುಮಾರನ ದನಿ. ಹೇಮಾ ಬಾಯಿಗೆ ಸೆರಗು ಒತ್ತಿಕೊಂಡಳು. ಹಕ್ಕಿಗಳು. ಗಾಳಿ. ಆಮೇಲೆ ದೂರದಿಂದ ಹೆಂಗಸಿನ ದನಿ, “ಬಾ ತಮ್ಮಾ, ಒಳಗ ಬಾ.” ತಗಡಿನ ಬಾಗಿಲು ಬಡಿದುಕೊಂಡ ಸದ್ದು. ಅಗುಳಿ.

ನಂತರ ಬಡಿತ. ತಗಡಿನ ಮೇಲೆ ಅಂಗೈ. ಪಂಪಾಪತಿ ಮುಂದೆ ಮುಂದೆ ಓಡಿಸಿ ಕೇಳಿದ. ಮಧ್ಯಾಹ್ನಕ್ಕೂ ಬಡಿತ, ಹೊತ್ತು ಇಳಿದರೂ ಬಡಿತ. ಆದರೆ ಒಂದಕ್ಕೊಂದು ದೂರವಾಗುತ್ತ, ಮೆತ್ತಗಾಗುತ್ತ ಹೋಗಿತ್ತು. ಬ್ಯಾಟರಿ ಮುಗಿಯುವ ಮುನ್ನ ಬರೀ ಗಾಳಿ.

“ಈ ಮರಕ್ಕ ಕೇಳಿಸೋವಷ್ಟು ಹತ್ರ ತಗಡಿನ ಬಾಗಲಾ ಎಲ್ಲೈತಿ?” ಅವನು ಪಂಚರತ್ತ ತಿರುಗಿದ.

ಪಂಚರಲ್ಲಿ ಒಬ್ಬ ಜಾಲಿಕಂಟಿಯ ಆಚೆ ಕೈಮಾಡಿದ. “ಸಣ್ಣವ್ವನ ಹೊಲದಾಗಿನ ಪಂಪ್‌ಸೆಟ್ ಖೋಲಿ ರಿ.”

ಬೀಗ ಒಡೆದಾಗ ಶಾಂತಕುಮಾರ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಮಗ್ಗುಲಲ್ಲಿ ಬರಿದಾದ ಕೊಡ, ಮುಟ್ಟದ ಎರಡು ರೊಟ್ಟಿ. ಕರೆದರೆ ಕಣ್ಣು ತೆರೆಯಲಿಲ್ಲ. ಆಂಬುಲೆನ್ಸಿಗೆ ಕಾಯದೆ ಜೀಪಿನಲ್ಲೇ ಕೊಪ್ಪಳಕ್ಕೆ ಒಯ್ದರು. ಇಡೀ ದಾರಿ ಪಂಪಾಪತಿ ಅವನ ಮಣಿಕಟ್ಟು ಹಿಡಿದೇ ಇದ್ದ. ಹುಡುಗ ಬದುಕಿದ. ಇನ್ನೊಂದು ರಾತ್ರಿ ಕಳೆದಿದ್ದರೆ ಇಲ್ಲ ಎಂದರು ಡಾಕ್ಟರು.

ಗುರುವಾರ ಸಂಜೆ ಆಸ್ಪತ್ರೆಯಲ್ಲಿ ಹೇಳಿಕೆ ಕೊಡುತ್ತ ಶಾಂತಕುಮಾರ ದೂರಿಗಿಂತ ಹೆಚ್ಚು ನಾಚಿಕೆಯಿಂದ ಮಾತಾಡಿದ. ಸಾವಿನ ಮನೆಯಲ್ಲಿ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಕೂತಿದ್ದನಂತೆ, ಯಾರನ್ನೂ ಕೇಳಿರಲಿಲ್ಲವಂತೆ. “ಅಕೀ ಬೈದ ದಿನಾನ ತಗದುಹಾಕೀನ್ರಿ ಸರ. ಅಷ್ಟೊತ್ತಿಗೆ ಮಂದಿ ಫೋನಿಗೆ ಹೋಗಿಬಿಟ್ಟಿತ್ತು. ಅಕೀ ಅತ್ತಾಗ ನಾ ದನಿ ಕೇಳಿದ್ದೆ. ಮಾತು ಕೇಳಿರಲಿಲ್ರಿ.”

ಮಾತು ಹೀಗಿತ್ತು: “ಹತ್ತೆತ್ತಿನ ಮನಿಯಾಗ ನಿನಗೊಂದು ಗುಳಿಗಿ ಸಿಗಲಿಲ್ಲಲ್ಲ ನನ್ನವ್ವಾ, ಟ್ರ್ಯಾಕ್ಟರ್ ತಂದ ಮಗಗ ದವಾಖಾನಿ ದೂರಾತಲ್ಲ ನನ್ನ ಹಡದವ್ವಾ.”

ಬುಧವಾರವೇ ಬಂಧಿಸಿದ್ದ ಸಣ್ಣವ್ವ ಠಾಣೆಯಲ್ಲಿ ಏನನ್ನೂ ಮುಚ್ಚಿಡಲಿಲ್ಲ.

“ಅಳುವಾಗಿನ ಮಾತು ಹೆಣದ ಜೋಡಿ ಮಣ್ಣಾಗತೈತ್ರಿ. ಯಾರೂ ಮನಸಿಗೆ ಹಚ್ಚಿಕೊಳ್ಳೂದಿಲ್ಲ. ನಮ್ಮಣ್ಣ ಗೋವಿಂದರಾಜ ಅವತ್ತು ಎದುರಿಗೇ ಕುಂತಿದ್ದ. ಮಣ್ಣು ಮಾಡಿ ಬಂದು ನನ್ನ ಕೈಯಾಗ ನೀರು ಕುಡಿದ. ಈಗ ಅವನ ಬೀಗರು ಫೋನ್ ಹಚ್ಚಿ ಹಚ್ಚಿ ನಗ್ತಾರ. ಈ ಪಂಚಮಿ ಹಬ್ಬಕ್ಕ ನನ್ನ ತವರಿಗೆ ಕರಿಯಾಕ ಬರಲಿಲ್ಲ. ನಾನಾಗೇ ಹೋದ್ರ ಬಾಗಲಾ ತೆಗೀಲಿಲ್ಲ.”

“ಅದಕ್ಕ ಕೂಡಿಹಾಕಿದಿ?”

“ಎಲ್ಲಾರ ಫೋನಿನಾಗಿಂದೂ ತಗಿ, ಬಿಡ್ತೀನಿ ಅಂದೆ. ಹಾಕಿದಾಂವಗ ತಗಿಯಾಕ ಬರೂದಿಲ್ಲಂದ್ರ ಯಾರು ನಂಬ್ತಾರ್ರಿ? ಸೂಜಿ ಸೂಜಿ ಅಂದ. ಅದೂ ನೆವಾ ಅಂದುಕೊಂಡೆ.” ಸೆರಗಿನ ತುದಿ ಹಿಂಡಿದಳು. “ಹುಡುಗ ಹೆಂಗದಾನ್ರಿ?”

“ಜೀವಕ್ಕ ಧಕ್ಕಿ ಇಲ್ಲ.”

ಅವಳು ಕಣ್ಣು ಮುಚ್ಚಿ ಕೈಮುಗಿದಳು. ಪಂಪಾಪತಿಗೆ ಆ ಹೆಂಗಸಿನ ಮೇಲೆ ಸಿಟ್ಟೂ ಇತ್ತು, ಕನಿಕರವೂ ಇತ್ತು. ಎರಡನ್ನೂ ಬರೆಯಲು ಹೇಳಿಕೆಯಲ್ಲಿ ಜಾಗವಿರಲಿಲ್ಲ. ಕಾರಣಕ್ಕೆ ಸಾಕ್ಷಿ ಬೇಕು, ಆ ಅಳುವಿನ ಮಾತುಗಳನ್ನು ಕೇಳಿ ಅಕ್ಷರಕ್ಕಿಳಿಸು ಎಂದು ಆಂಜನೇಯನಿಗೆ ಹೇಳಿದ.

ಸಣ್ಣವ್ವ ಗಾಬರಿಯಿಂದ ಎದ್ದು ನಿಂತಳು. “ಸಾಹೇಬ್ರ, ಅದನ್ನ ಬರಕೋಬ್ಯಾಡ್ರಿ. ಅವನ ಯಂತ್ರ ಕದಿಯಾಕ ಕೂಡಿಹಾಕಿದ್ಲು ಅಂತ ಬರೀರಿ. ಕಳ್ಳಿ ಅಂತ ಬರೀರಿ. ಹೆಬ್ಬಟ್ಟು ಒತ್ತತೀನಿ.”

“ಸುಳ್ಳು ಬರಿಯಾಕ ಬರೂದಿಲ್ಲವ್ವಾ.”

“ಕೋರ್ಟಿನಾಗ ಓದ್ತಾರೇನ್ರಿ?”

“ಓದ್ತಾರ.”

“ನಮ್ಮಣ್ಣ ಬರ್ತಾನೇನ್ರಿ?”

ಗೋವಿಂದರಾಜನಿಗೆ ಸಾಕ್ಷಿ ಹೇಳಿಕೆಗೆ ಬರುವಂತೆ ನೋಟೀಸು ಕೊಡಲೇಬೇಕಿತ್ತು. ಪಂಪಾಪತಿ ಹೌದೆಂದ. ಪಕ್ಕದ ಕೋಣೆಯಲ್ಲಿ ಆಂಜನೇಯನ ಫೋನಿನಿಂದ ಅವಳ ಅಳು ಶುರುವಾಯಿತು, ನಿಂತಿತು, ಅವನು ಒಂದು ಸಾಲು ಬರೆದುಕೊಂಡ ಮೇಲೆ ಮತ್ತೆ ಶುರುವಾಯಿತು.