ಆರು ಗಂಟೆಯ ದಾರಿ

ರಸ್ತೆಯಲ್ಲಿ ಕಳೆದುಹೋದ ಗಂಟೆಗಳಿಗೆ ದುಡ್ಡು ಕೊಡಬೇಕಾದವರು ಯಾರು? ಭಾನುಪ್ರಕಾಶ್ ಈ ಪ್ರಶ್ನೆಯನ್ನು ಹತ್ತು ವರ್ಷ ಸ್ಟೇರಿಂಗ್ ಹಿಡಿದುಕೊಂಡೇ ಕೇಳಿಕೊಂಡಿದ್ದ. ಮನೆ ಟಿ. ದಾಸರಹಳ್ಳಿಯಲ್ಲಿ, ಕೆಲಸ ಹೆಬ್ಬಗೋಡಿಯಲ್ಲಿ. ಊರಿನ ಈ ತುದಿಯಿಂದ ಆ ತುದಿಗೆ ಮೂವತ್ತೈದು ಕಿಲೋಮೀಟರ್. ಗೊರಗುಂಟೆಪಾಳ್ಯ ದಾಟೋದರಲ್ಲಿ ಒಂದು ಸಲ ಪ್ರಾಣ ಹೋಗುತ್ತೆ, ಸಿಲ್ಕ್ ಬೋರ್ಡಿನಲ್ಲಿ ಇನ್ನೊಂದು ಸಲ. ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ. ಸೊಂಟ ಹಾಳಾಯಿತು, ನಿದ್ದೆ ಹಾಳಾಯಿತು, ಆದರೂ ಬಿಲ್ಲಿಗೆ ಹತ್ತುತ್ತಿದ್ದದ್ದು ಫ್ಯಾಕ್ಟರಿ ಗೇಟಿನ ಒಳಗಿನ ಗಂಟೆ ಮಾತ್ರ.

ಅವನು ಯಾರ ನೌಕರನೂ ಅಲ್ಲ, ಸ್ವಂತ ಕನ್ಸಲ್ಟೆಂಟು. ಯಂತ್ರದ ಮೈಮೇಲೆ ಮೀಟರ್ ಇಟ್ಟು, ಅದರ ನಡುಕ ಅಳೆದು, ಯಾವ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತೆ ಅಂತ ಮುಂಚೆಯೇ ಹೇಳೋದು ಕಸುಬು. ಮುನಿಯಣ್ಣನವರ ಫ್ಯಾಕ್ಟರಿಯಲ್ಲಿ ವಾರಕ್ಕೆ ಮೂರು ದಿನ: ಸೋಮವಾರ, ಮಂಗಳವಾರ, ಬುಧವಾರ. ಮುನಿಯಣ್ಣನವರದು ಹೆಬ್ಬಗೋಡಿಯ ಹಳೇ ಮನೆತನ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಪ್ರೆಸ್ ಮೆಷಿನ್‌ಗಳು ಸಾಲಾಗಿ ನಿಂತಿದ್ದವು. ಹೋದ ವರ್ಷ ಆಯುಧಪೂಜೆಯ ದಿನ, ಅಂಗಳದಲ್ಲಿ ಕುಂಬಳಕಾಯಿ ಒಡೆದು, ಪ್ರತಿ ವರ್ಷದಂತೆ ಎಲ್ಲರ ಗಾಡಿಗೂ ಕಂಪನಿ ಖರ್ಚಿನಲ್ಲಿ ಆಯಿಲ್ ಬದಲಾಯಿಸಿ, ಸ್ವೀಟ್ ಬಾಕ್ಸ್ ಹಂಚುತ್ತಿದ್ದಾಗ ಭಾನುಪ್ರಕಾಶ್ ಕೊನೆಗೂ ಬಾಯಿ ಬಿಟ್ಟ. ದಾರಿಯ ಗಂಟೆಗೂ ಬಿಲ್ ಹಾಕ್ತೀನಿ ಅಂದ.

"ಮೆಟ್ರೋ ಬಂದದಲ್ಲ ಭಾನು. ಒಂದೂವರೆ ಗಂಟೇಲಿ ಬಂದ್ಬುಡ್ಬೋದು. ಅಷ್ಟಕ್ಕೆ ಬೇಕಾದ್ರೆ ಕೊಡಾನ."

"ಮೀಟರ್ ಪೆಟ್ಟಿಗೆ ಹದಿನೆಂಟು ಕೇಜಿ ಅಣ್ಣ. ಈ ಸೊಂಟ ಇಟ್ಕೊಂಡು ರೈಲು ಹತ್ತಿ ಇಳಿದು ಹೊತ್ಕೊಂಡು ಬರಕ್ಕಾಗತ್ತಾ? ಕಾರೇ ಗತಿ."

ಮುನಿಯಣ್ಣ ಗಲ್ಲ ಕೆರೆದುಕೊಂಡರು. "ಆಯ್ತು, ಅಂಗೇ ಆಗ್ಲಿ. ಅರ್ಧ ರೇಟು. ಮನೆ ಬಿಡುವಾಗ ವಾಟ್ಸಾಪಲ್ಲಿ ಒಂದ್ ಲೊಕೇಶನ್ ಹಾಕಿ, ಮನೆ ಸೇರ್ದಾಗ ಇನ್ನೊಂದ್ ಹಾಕಿ. ನಮ್ ಲಾವಣ್ಯ ಬರ್ಕೋತಾಳೆ." ಲಾವಣ್ಯ ಅವರ ಮಗಳು, ಆಫೀಸು ನೋಡಿಕೊಳ್ಳುವವಳು.

ಅರ್ಧ ರೇಟು! ರಸ್ತೆಯ ಮೇಲೆ ಆಯಸ್ಸೇನು ಅರ್ಧಕ್ಕರ್ಧ ಖರ್ಚಾಗುತ್ತಾ? ಆ ದಿನ ಕಾರಿನಲ್ಲಿ ಮನೆಗೆ ವಾಪಸಾಗುವ ಮೂರು ಗಂಟೆಯೂ ಅವನು ಆ ಮಾತನ್ನೇ ಮೆಲುಕು ಹಾಕಿದ. ಹತ್ತು ವರ್ಷ ಬಿಟ್ಟಿ ಓಡಾಡಿದ್ದಕ್ಕೆ ಇದಾ ಮರ್ಯಾದೆ? ಗೊರಗುಂಟೆಪಾಳ್ಯದ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಇಡೀ ಯೋಜನೆ ತಲೆಯಲ್ಲಿ ಕೂತಿತ್ತು. ದಾರಿಯ ದುಡ್ಡು ತಗೋಬೇಕು, ದಾರಿ ಮಾತ್ರ ಸವೆಸಬಾರದು.

ಹೆಬ್ಬಗೋಡಿಯಲ್ಲಿ ಫ್ಯಾಕ್ಟರಿಯಿಂದ ಎರಡು ಕಿಲೋಮೀಟರ್ ದೂರಕ್ಕೆ ಒಂದು ರೂಮು ಹಿಡಿದ. ಕಾರ್ಮಿಕರ ವಠಾರಗಳಿದ್ದದ್ದು ಹೊಸೂರು ರಸ್ತೆಯ ಒಂದು ಮಗ್ಗುಲಲ್ಲಿ, ಯಾರ ಕಣ್ಣಿಗೂ ಬೀಳಬಾರದು ಅಂತ ಅವನು ಆರಿಸಿದ್ದು ಇನ್ನೊಂದು ಮಗ್ಗುಲು. ರೂಮಿನ ಜೊತೆಗೆ ಶೀಟು ಹೊದಿಸಿದ ಶೆಡ್ಡು, ಅದರಲ್ಲಿ ಕಾರು. ಭಾನುವಾರ ಸಂಜೆ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತುತ್ತಿದ್ದ, ಬುಧವಾರ ಸಂಜೆ ಮೆಟ್ರೋದಲ್ಲೇ ವಾಪಸ್. ಆಗೋದೇ ಇಲ್ಲ ಅಂತ ಮುನಿಯಣ್ಣನವರಿಗೆ ಹೇಳಿದ್ದ ಅದೇ ರೈಲಿನಲ್ಲಿ ಕಿಟಕಿ ಪಕ್ಕ ಕಾಲು ಚಾಚಿ ಕೂತು, ಕೆಳಗೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡ ಕಾರುಗಳನ್ನು ನೋಡುವಾಗ ನಗು ಬರುತ್ತಿತ್ತು. ಮೀಟರ್ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲೇ ಇರುತ್ತಿತ್ತು.

ಲೊಕೇಶನ್ ಕೆಲಸ ಹೆಂಡತಿ ವೇಣಿಯದು. ಮನೆಯಲ್ಲಿದ್ದ ಹಳೇ ಫೋನಿಗೂ ಅದೇ ವಾಟ್ಸಾಪ್ ಜೋಡಿಸಿಕೊಟ್ಟಿದ್ದ. ಆ ಮೂರು ದಿನ ಬೆಳಿಗ್ಗೆ ಆರು ಐವತ್ತರ ಹೊತ್ತಿಗೆ ಒಂದು, ರಾತ್ರಿ ಎಂಟೂವರೆಗೆ ಒಂದು, ದಾಸರಹಳ್ಳಿಯ ಮನೆಯಿಂದಲೇ ಅವಳು ಒತ್ತಬೇಕು.

"ತಪ್ಪಲ್ವೇನ್ರೀ ಇದು?" ಅಂದಳು ವೇಣಿ ಮೊದಲ ದಿನ.

"ಹತ್ತು ವರ್ಷ ಅವರು ಕೊಡದೇ ಇದ್ದದ್ದು ತಪ್ಪಲ್ವಾ?"

ಆಮೇಲೆ ಅವಳು ಲೊಕೇಶನ್ ಒತ್ತಿ, ಫೋನನ್ನು ಮಗುಚಿಟ್ಟು ಒಲೆಯ ಕಡೆ ತಿರುಗುತ್ತಿದ್ದಳು. ಬುಧವಾರ ಮನೆಗೆ ಬಂದಾಗ ಮೊದಲಿನ ಹಾಗೆ "ಸುಸ್ತಾಯ್ತಾ" ಅಂತ ಕೇಳೋದನ್ನೂ ಬಿಟ್ಟಳು. ಅದೊಂದು ಮಾತ್ರ ಅವನಿಗೆ ಚುಚ್ಚುತ್ತಿತ್ತು.

ಉಳಿದದ್ದೆಲ್ಲ ಕರಾರುವಾಕ್ಕು. ಎಂಟೂವರೆವರೆಗೆ ನಿದ್ದೆ. ಒಂಬತ್ತೂ ಐವತ್ತಕ್ಕೆ ಶೆಡ್ಡಿನಿಂದ ಕಾರು ಹೊರಗೆ, ಹತ್ತಕ್ಕೆ ಗೇಟಿನ ರಿಜಿಸ್ಟರಿನಲ್ಲಿ ಕಾರಿನ ನಂಬರು ಮತ್ತು ಟೈಮು. ಇಸ್ತ್ರಿ ಮಾಡಿದ ಶರ್ಟನ್ನು ಬೇಕೆಂದೇ ಬೆನ್ನಿನ ಕಡೆ ಮುದುರಿಕೊಳ್ಳುತ್ತಿದ್ದ. ಇಳಿಯುವಾಗ ಸೊಂಟ ಹಿಡಿದು "ಅಯ್ಯಪ್ಪಾ" ಅನ್ನುತ್ತಿದ್ದ, ನೀರು ಕೇಳಿ ಗಟಗಟ ಕುಡಿಯುತ್ತಿದ್ದ. ದಿನಾ ಸರಿಯಾಗಿ ಮೂರೇ ಗಂಟೆ ಬಿಲ್ ಹಾಕಿದರೆ ಅನುಮಾನ ಬರುತ್ತೆ. ಹಾಗಾಗಿ ಒಂದು ದಿನ ಎರಡೂ ಮುಕ್ಕಾಲು, ಮಳೆ ಬಂದ ಸಂಜೆ ಮೂರೂವರೆ. ವೇಣಿಗೂ ಆ ಪ್ರಕಾರ ಮೊದಲೇ ಟೈಮ್ ಹೇಳಿಬಿಡುತ್ತಿದ್ದ.

ಎಲ್ಲಕ್ಕಿಂತ ಅವನು ಹೆಮ್ಮೆಪಡುತ್ತಿದ್ದದ್ದು ಪೆಟ್ರೋಲಿನ ವಿಷಯಕ್ಕೆ. ಪೆಟ್ರೋಲ್ ಕೇಳಿದರೆ ಬಂಕಿನ ರಸೀದಿ ಕೇಳುತ್ತಾರೆ, ರಸೀದಿ ಕೇಳಿದವರು ಒಂದು ದಿನ ಕಿಲೋಮೀಟರೂ ಕೇಳುತ್ತಾರೆ. ಅದಕ್ಕೇ ಮೊದಲ ಬಿಲ್ಲಿನಲ್ಲೇ ಬರೆದ: ದೂರ ಮೂವತ್ತೈದು ಕಿಲೋಮೀಟರ್, ಪ್ರಯಾಣದ ಸಮಯ ಇಷ್ಟು, ಪೆಟ್ರೋಲ್ ನನ್ನದೇ. ಮುನಿಯಣ್ಣ ಕರಗಿಹೋದರು. "ನೋಡ್ರೋ, ಮನುಷ್ಯ ಅಂದ್ರೆ ಇಂಗಿರ್ಬೇಕು" ಅಂತ ಫ್ಯಾಕ್ಟರಿಯಲ್ಲಿ ಕಂಡಕಂಡವರಿಗೆ ಹೇಳಿಕೊಂಡು ಬಂದರು. ಭಾನುಪ್ರಕಾಶ್ ತಲೆ ತಗ್ಗಿಸಿಕೊಂಡು ಸಂಕೋಚದವನ ಹಾಗೆ ನಿಂತಿದ್ದ.

ಜನವರಿಯಲ್ಲಿ ಮುನಿಯಣ್ಣ ಖರ್ಚು ಜಾಸ್ತಿಯಾಯಿತು ಅಂತ ಕಾರ್ಮಿಕರನ್ನು ಕರೆತರುತ್ತಿದ್ದ ವ್ಯಾನ್ ನಿಲ್ಲಿಸಿದರು. ಯಾವ ಖರ್ಚು ಅಂತ ಅವರು ಹೇಳಲಿಲ್ಲ, ಭಾನುಪ್ರಕಾಶನೂ ಕೇಳಲಿಲ್ಲ. ಆದರೆ ವ್ಯಾನಿನ ತಿಂಗಳ ಬಾಡಿಗೆ ಎಷ್ಟು ಅಂತ ಅವನಿಗೆ ಗೊತ್ತಿತ್ತು, ತನ್ನ ಪ್ರಯಾಣದ ಬಿಲ್ ಎಷ್ಟು ಅಂತಲೂ ಗೊತ್ತಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಮೊತ್ತ. ರಾಯಚೂರು ಕಡೆಯಿಂದ ಬಂದ ಹೆಂಗಸರು ಈಗ ವಠಾರದಿಂದ ನಡೆದೇ ಬರುತ್ತಿದ್ದರು. ಅವರಲ್ಲಿ ದುರ್ಗವ್ವನೂ ಒಬ್ಬಳು, ಅಂಗಳ ಗುಡಿಸುವವಳು, ಮಂಡಿನೋವಿನವಳು. ತಡವಾಗಿ ಕಾಲೆಳೆದುಕೊಂಡು ಹೋಗುವ ಅವಳನ್ನು ಕಾರಿನಲ್ಲಿ ದಾಟುವಾಗ ಅವನು ಗಾಜು ಏರಿಸಿಕೊಳ್ಳುತ್ತಿದ್ದ. ಎರಡು ಸಲ ನಿಲ್ಲಿಸಬೇಕು ಅನ್ನಿಸಿತ್ತು. ನಿಲ್ಲಿಸಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ರೂಮಿನ ಪಕ್ಕದ ಮೆಡಿಕಲ್ ಅಂಗಡಿಯಲ್ಲಿ, ಮುಲಾಮಿಗೆ ಅಂತ ರಸ್ತೆ ದಾಟಿ ಬಂದಿದ್ದ ಅವಳು ಎದುರಿಗೇ ಸಿಕ್ಕಳು. ಅವನ ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಹಾಲಿನ ಪ್ಯಾಕೆಟ್ಟು.

"ಸಾಹೇಬ್ರ, ನೀವು ಇಲ್ಲೇ ಇರ್ತೀರೇನ್ರಿ?"

ಅವನು ಹಾಲಿನ ಪ್ಯಾಕೆಟ್ಟನ್ನು ಬೆನ್ನ ಹಿಂದೆ ಸರಿಸಿದ. "ಇಲ್ಲಮ್ಮ, ಇವತ್ತು ಬೇಗ ಬಂದ್ಬಿಟ್ಟೆ. ಇಲ್ಲೊಬ್ಬರು ನೆಂಟರ ಮನೆ ಇದೆ."

"ಹೌದೇನ್ರಿ," ಅಂದಳು ಅವಳು, ಮುಲಾಮು ತಗೊಂಡು ಹೊರಟಳು.

ಮೂರು ವಾರ ಅವನಿಗೆ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಈಗ ಕಳೆದುಕೊಳ್ಳುವುದಕ್ಕೆ ಬಹಳ ಇತ್ತು. ಅವನಿಗೆ ಐವತ್ತನಾಲ್ಕು ವರ್ಷ. ಪೀಣ್ಯದ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಯಂತ್ರಗಳಿಗೆ ನಡುಕ ಅಳೆಯುವ ಸೆನ್ಸರ್ ಅಂಟಿಸಿಕೊಂಡು ಅವನನ್ನು ಬಿಟ್ಟಿದ್ದರು. ಉಳಿದಿದ್ದವರು ಮುನಿಯಣ್ಣ ಒಬ್ಬರೇ. ಅವರು ಅತ್ತಿಬೆಲೆಯಲ್ಲಿ ಹೊಸ ಫ್ಯಾಕ್ಟರಿ ಕಟ್ಟುತ್ತಿದ್ದರು, ಎರಡಕ್ಕೂ ಸೇರಿಸಿ ಮೂರು ವರ್ಷದ ಕಾಂಟ್ರಾಕ್ಟ್ ಕೊಡ್ತೀನಿ ಅಂದಿದ್ದರು. ದಾರಿಯ ಗಂಟೆಗೆ ಇನ್ನು ಮುಂದೆ ಪೂರಾ ರೇಟು. ಸಹಿ ಆಯುಧಪೂಜೆ ದಿನ, ಒಳ್ಳೇ ದಿನ ಅಂತ. ಅದು ಕೈತಪ್ಪಿದರೆ ಅವನಿಗೆ ಬೇರೆ ಕೆಲಸ ಕೊಡುವವರು ಈ ಊರಿನಲ್ಲಿ ಯಾರೂ ಇರಲಿಲ್ಲ.

ದುರ್ಗವ್ವ ಯಾರಿಗೂ ಏನೂ ಹೇಳಲಿಲ್ಲ. ನಾಲ್ಕನೇ ವಾರ ಅವನಿಗೆ ನಿದ್ದೆ ಬಂತು.

ಹಬ್ಬದ ದಿನ ಅವನು ಕಾರನ್ನು ತಾನೇ ತೊಳೆದ, ಬಾನೆಟ್ಟಿಗೆ ಚೆಂಡು ಹೂವಿನ ಹಾರ ಹಾಕಿದ, ಹತ್ತಕ್ಕೆ ಗೇಟು ದಾಟಿದ. ಆರು ನಲವತ್ತಕ್ಕೇ ದಾಸರಹಳ್ಳಿಯ ಲೊಕೇಶನ್ ಬಂದಿತ್ತು. "ಹಬ್ಬದ ದಿನಾನೂ ಟ್ರಾಫಿಕ್ಕಾ!" ಅಂತ ಲಾವಣ್ಯ ಮರುಗಿದಳು. ಪ್ರೆಸ್ ಮೆಷಿನ್‌ಗಳಿಗೆ ಕುಂಕುಮ, ಬಾಳೆಕಂದು. ಕುಂಬಳಕಾಯಿ ಒಡೆದದ್ದಾಯಿತು, ದುರ್ಗವ್ವ ಹೋಳುಗಳನ್ನು ಪೊರಕೆಯಿಂದ ಒಂದು ಕಡೆ ಒತ್ತರಿಸಿದಳು. ಅಂಗಳದ ನಡುವೆ ಟೇಬಲ್ಲು, ಅದರ ಮೇಲೆ ಅರಿಶಿನ ಹಚ್ಚಿದ ಕಾಂಟ್ರಾಕ್ಟ್. ಮುನಿಯಣ್ಣ ಪೆನ್ನು ತೆಗೆದು, ತಟ್ಟನೆ ನೆನಪಾದವರ ಹಾಗೆ ಕೂಗಿದರು: "ಏಯ್ ಸೋಮಪ್ಪ, ಮೊದ್ಲು ನಮ್ ಭಾನು ಗಾಡಿ ಮಾಡೋ! ವರ್ಷವೆಲ್ಲ ಪೆಟ್ರೋಲ್ ಅವ್ರದ್ದು, ಆಯಿಲಾದ್ರೂ ನಂದಿರ್ಲಿ."

ಮೆಕ್ಯಾನಿಕ್ ಸೋಮಪ್ಪ ಆಗಲೇ ಕಾರಿನ ಬಾಗಿಲು ತೆಗೆದು, ಅದರ ಒಳ ಅಂಚಿನಲ್ಲಿ ಹೋದ ಹಬ್ಬದಂದು ತಾನೇ ಅಂಟಿಸಿದ್ದ ಪುಟ್ಟ ಚೀಟಿಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ಆಯಿಲ್ ಹಾಕಿದ ದಿನದ ಕಿಲೋಮೀಟರ್ ಬರೆದಿಡೋದು ಅವನ ಪದ್ಧತಿ. ಚೀಟಿ ನೋಡಿದ, ಬಗ್ಗಿ ಡ್ಯಾಶ್‌ಬೋರ್ಡ್ ನೋಡಿದ, ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿದ. ಆಮೇಲೆ ಕಂಪನಿಗೆ ಖರ್ಚು ಉಳಿಸಿಕೊಟ್ಟ ಖುಷಿಯಲ್ಲಿ ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದ: "ಇದಕ್ಕ ಆಯಿಲ್ ಬ್ಯಾಡ್ರಿ ಯಜಮಾನ್ರ! ಹ್ವಾದ ಹಬ್ಬಕ್ಕ ಅರವತ್ತೆರಡು ಸಾವಿರದ ನೂರಾಹತ್ತು ಇತ್ತು, ಈಗ ಅರವತ್ತೆರಡು ಸಾವಿರದ ಎಂಟ್ನೂರಾತೊಂಬತ್ತು ಐತ್ರಿ. ವರ್ಷಾ ಪೂರಾ ಎಂಟ್ನೂರು ಕಿಲೋಮೀಟರೂ ಓಡಿಲ್ಲ. ಆಯಿಲ್ ಇನ್ನೂ ಹೊಸಾದು ಇದ್ದಂಗ ಐತಿ." ಮುನಿಯಣ್ಣನವರ ಪೆನ್ನು ಕಾಗದದ ಮೇಲೆಯೇ ನಿಂತಿತು. ಅವರು ಗಲ್ಲ ಕೆರೆದುಕೊಂಡರು, ಗೇಟಿನ ಕಡೆ ನೋಡಿದರು, ಪೊರಕೆ ಹಿಡಿದು ನೋವಿನ ಕಾಲಿನ ಮೇಲೆ ಭಾರ ಬಿಡದೆ ನಿಂತಿದ್ದ ದುರ್ಗವ್ವನ ಕಡೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಲಾವಣ್ಯ, ದಾಸರಹಳ್ಳಿಗೆ ಎಷ್ಟು ಕಿಲೋಮೀಟ್ರು ಅಂತ ಬರ್ದವ್ರೆ ನೋಡವ್ವ, ಭಾನು ಬಿಲ್ಲಲ್ಲಿ?"